ರಾಹುಕಾಲಕ್ಕೆ ಮುಂಚೆ ಬಿಟ್ಟ ಮರಿಗಳು

20-8-2002, ಮಂಗಳವಾರ

ಹಾಜರಿ ಆಯ್ತು. ಆಳು ಹದಿನೆಂಟು. ಮಳೆ ಬಿಟ್ಟು ಬಿಟ್ಟು ಬರ್ತಿದೆ, ಕೆಳಗಿನ ಬ್ಲಾಕಲ್ಲಿ ಕಾಫಿ ಗಿಡದ ಚಿಗುರು ತೆಗೆಯೋದು ಅರ್ಧಕ್ಕೇ ನಿಂತಿದೆ.

ಸಾಹುಕಾರ್ ಶ್ರೀನಾಥ್ ಅವರ ಫೋನು, ಹಾಸನದಿಂದ. ಎಸ್ಟೇಟಿನ ಕೆರೆಗೆ ಶುಕ್ರವಾರ ಮೀನು ಮರಿ ಬರುತ್ತಂತೆ. ಕಾಟ್ಲಾ, ರೋಹು — ಮೂರು ಸಾವಿರ. ಬರೋ ಬೇಸಿಗೆಗೆ ಹೋಂ ಸ್ಟೇ ಶುರು, ಗೆಸ್ಟುಗಳು ಕೆರೆ ದಂಡೇಲಿ ಕೂತು ಗಾಳ ಹಾಕಬೇಕಂತೆ. "ಉಸ್ತುವಾರಿ ನಿಮ್ಮದೇ ಮಹಾದೇವಯ್ಯ" ಅಂದ್ರು.

ಎಸ್ಟೇಟಿನ ಲೆಕ್ಕ ಬರೆಯೋ ರೈಟರ್ ನಾನು, ಮೀನಿನ ವಾಸನೆ ಬಂದ್ರೆ ಆ ಕಡೆ ದಾರೀನೇ ಬಿಡೋನು. ಕೊರಳಲ್ಲಿ ಲಿಂಗ, ಕೈಯಲ್ಲಿ ಮೀನಿನ ಬುಟ್ಟಿ. ಹೆಂಡತಿ ವಿಶಾಲ ನಕ್ಕಿದ್ದೇ ನಕ್ಕಿದ್ದು. ಮೀನು ಬಂದ ದಿನ ಸ್ನಾನ ಆಗದೆ ಅಡುಗೆಮನೆಗೆ ಸೇರಿಸಲ್ಲ ಅಂತ ಅವಳ ಆರ್ಡರ್.

22-8, ಗುರುವಾರ

ಕೆರೆ ಕೆಲಸಕ್ಕೆ ಆಳುಗಳ ಲೈನ್ ಮನೆಯ ಕುಳ್ಳಯ್ಯನ್ನ ಹಾಕಿದೀನಿ. ಮೀನಿನ ವಿಷಯದಲ್ಲಿ ಅವನೇ ನನ್ನ ಗುರು. ನಿನ್ನೆ ಆಲೂರಲ್ಲಿ ಒಂದು ದಿನದ ಮೀನು ಸಾಕಣೆ ಟ್ರೈನಿಂಗಿಗೂ ಕಳಿಸಿದ್ದೆ. ಇವತ್ತು ಕಳೆ ಕಿತ್ತ. ಕೋಡಿಗೆ ಜಾಲರಿ ಕಟ್ಟಿದ. ಮರಿ ತಿನ್ನೋ ಹಳೇ ಮೀನು ಇರಬಾರದು ಅಂತ ಅವನ ಬಲೇನೇ ತರಿಸಿ ಸಂಜೆವರೆಗೆ ಎಳೆಸಿದೆ. ಹಿಡಿದಿದ್ದನ್ನ ಲೈನಿನೋರು ಹಂಚಿಕೊಂಡ್ರು.

ಮೂರು ಸಾವಿರ ಜೀವ ನನ್ನ ಲೆಕ್ಕಕ್ಕೆ ಬರ್ತಿದೆ ಅಂದ್ರೆ ಒಂಥರಾ... ಖುಷೀನೇ. ಯಾರಿಗೂ ಹೇಳಲ್ಲ.

23-8, ಶುಕ್ರವಾರ, ಮಧ್ಯಾಹ್ನ

ಮರಿ ಬಿಟ್ಟಾಯ್ತು.

ಒಂಬತ್ತಕ್ಕೆ ಬರಬೇಕಾದ ಜೀಪು ಬಂದಾಗ ಹತ್ತೂಕಾಲು. ಇವತ್ತು ಹತ್ತೂವರೆಗೆ ರಾಹುಕಾಲ. ಪ್ಲಾಸ್ಟಿಕ್ ಕವರುಗಳು ಉಬ್ಬಿಕೊಂಡಿದ್ವು, ಒಳಗೆ ಬೆರಳುದ್ದದ ಮರಿ. ಬಯಲುಸೀಮೆಯಿಂದ ಬಂದಿದ್ದು, ಮುಟ್ಟಿದ್ರೆ ಕವರು ಬೆಚ್ಚಗೆ. ಕೆರೆ ನೀರು ಕೈ ಕೊರೆಯೋ ಹಾಗೆ.

ಕುಳ್ಳಯ್ಯ ಅಂದ — "ಬಿಚ್ಚಬ್ಯಾಡಿ ರೈಟ್ರೇ. ಕವರ್ ಸಮೇತ ಅರ್ಧ ಗಂಟೆ ಕೆರೇಲಿ ತೇಲಬಿಡಬೇಕಂತೆ. ಒಳಗಿನ ನೀರೂ ಹೊರಗಿನ ನೀರೂ ಒಂದೇ ತರ ಆಗಬೇಕು ಅಂತ ಆಲೂರಲ್ಲಿ ಹೇಳವ್ರೆ."

"ಅರ್ಧ ಗಂಟೆ ಅಂದ್ರೆ ರಾಹುಕಾಲದಲ್ಲಿ ಬಿಟ್ಟ ಹಾಗಾಯ್ತು ಕಣೋ. ಹೊಸ ಕೆಲಸ, ಸಾಹುಕಾರ್ರದ್ದು. ಬಿಚ್ಚು."

"ಹನ್ನೆರಡರ ಮ್ಯಾಲೆ ಬಿಟ್ರಾಯ್ತು, ತೇಲ್ತಾ ಇರಲಿ..."

"ಗಾಳಿ ಖಾಲಿಯಾಗಿ ಕವರಲ್ಲೇ ಸಾಯ್ಲಾ? ನಿನಗಿಂತ ನನಗೆ ಗೊತ್ತು."

ಏನೂ ಗೊತ್ತಿರಲಿಲ್ಲ. ಕತ್ತರಿ ನಾನೇ ತಗೊಂಡೆ. ಹತ್ತೂ ಇಪ್ಪತ್ತೆಂಟಕ್ಕೆ ಕೊನೇ ಕವರು. ಫೋನಲ್ಲಿ ಸಾಹುಕಾರ್ರಿಗೆ ಹೇಳಿದೆ, ಒಳ್ಳೇ ಗಳಿಗೇಲೇ ಆಯ್ತು ಅಂತ.

24-8, ಶನಿವಾರ, ಬೆಳಿಗ್ಗೆ 6.30

ಕೆರೆಗೆ ಹೋಗಿ ಬಂದೆ.

ಕೆರೆಯಂಚಿಗೆಲ್ಲ ಬಿಳೀ ಪಟ್ಟಿ. ನೊರೆ ಅಂದುಕೊಂಡೆ. ಹತ್ತಿರ ಹೋದ್ರೆ ಹೊಟ್ಟೆ ಮೇಲೆ ಮಾಡಿ... ಎಲ್ಲಾ. ಒಂದು ಮೊರ ಅದ್ದಿದ್ರೆ ಒಂದು ಮೊರ ತುಂಬ. ಒಂದೆರಡು ಇನ್ನೂ ಬಾಯಿ ಅಲ್ಲಾಡಿಸ್ತಿದ್ವು. ಒಂದನ್ನ ಅಂಗೈಯಲ್ಲಿ ಹಿಡಿದೆ. ಮೀನು ಮುಟ್ಟಿದ್ದು ಜೀವಮಾನದಲ್ಲಿ ಮೊದಲ ಸಲ. ಅಂಗೈಯಲ್ಲೇ ಹೋಯ್ತು.

ಅದೇ ದಿನ, 11 ಗಂಟೆ

ಕುಳ್ಳಯ್ಯನೂ ನಾನೂ ಸೇರಿ ಹಲಸಿನ ಮರದ ಬುಡದಲ್ಲಿ ಗುಂಡಿ ತೋಡಿ ಮುಚ್ಚಿದ್ವಿ. ಅವನು 'ನಾನು ಹೇಳಿದ್ದೆ' ಅಂತ ಒಂದು ಮಾತು ಆಡಲಿಲ್ಲ. ಆಡಿದ್ರೆ ಚೆನ್ನಾಗಿತ್ತು, ಬೈದಾದ್ರೂ ಬೈಯ್ತಿದ್ದೆ.

ಸಾಹುಕಾರ್ರ ಸಿಟ್ಟು ಗೊತ್ತು. ಹಿಂದಿನ ರೈಟರನ್ನ ನಿಂತ ಕಾಲಲ್ಲೇ ಓಡಿಸಿದ್ರು. ಮಗಳು ಮಾನಸಾ ಈ ವರ್ಷ ಪಿಯುಸಿ. ಕೆಲಸ ಹೋದ್ರೆ ಕ್ವಾರ್ಟರ್ಸೂ ಹೋಯ್ತು, ಅವಳ ಓದೂ ಹೋಯ್ತು.

"ಯಾರ ಹತ್ರಾನೂ ಬಾಯಿ ಬಿಡಲ್ಲ ಅಂತ ಮಂಜುನಾಥನ ಮೇಲೆ ಆಣೆ ಇಡು" ಅಂದೆ.

ಅವನು ಗುದ್ದಲಿ ಕೆಳಗಿಟ್ಟ. ಆಮೇಲೆ ಕೈ ತೊಳೆದು, ಧರ್ಮಸ್ಥಳದ ದಿಕ್ಕಿಗೆ ತಿರುಗಿ ಇಟ್ಟ. "ನಮ್ಮನೆಯೋಳಿಗೂ ಹೇಳಾಕಿಲ್ಲ ರೈಟ್ರೇ."

3-11-2002, ಭಾನುವಾರ

ದಿನಾ ಬೆಳಿಗ್ಗೆ ಕುಳ್ಳಯ್ಯ ತೌಡೂ ಕಡಲೆ ಹಿಂಡೀನೂ ಉಂಡೆ ಮಾಡಿ ಕೆರೆಗೆ ಹಾಕ್ತಾನೆ. ನಾನೇ ಹೇಳಿದ್ದು, ನೋಡೋರಿಗೆ ಅನುಮಾನ ಬರಬಾರದು ಅಂತ. ಖಾಲಿ ಕೆರೆಗೆ ಊಟ.

ಇವತ್ತು ಸಾಹುಕಾರ್ರು ಬಂದಿದ್ರು. ಕಪ್ಪೆ ಹಾರಿ ನೀರು ಅಲ್ಲಾಡ್ತು. "ದೊಡ್ಡವಾಗಿವೆ ಅಲ್ವಾ" ಅಂದ್ರು. ಹೂಂ ಅಂದೆ. ಒಂದೆರಡಾದ್ರೂ ಬದುಕಿರಬಹುದು... ಇರಬಹುದು.

10-5-2003, ಶನಿವಾರ

ಗೆಸ್ಟುಗಳು ಬಂದ್ರು. ಆರು ಜನ, ಫಾರಿನ್ ಗಾಳ, ಟೋಪಿ. ಸಂಜೆವರೆಗೆ ಕೂತ್ರು. ಸಿಕ್ಕಿದ್ದು ಒಂದು ಏಡಿ.

11-5, ಭಾನುವಾರ

ಇವತ್ತು ಅದೂ ಇಲ್ಲ. ಗೆಸ್ಟುಗಳು ಮಧ್ಯಾಹ್ನಕ್ಕೇ ಬ್ಯಾಗು ಕಟ್ಟಿದ್ರು. ಅದರಲ್ಲೊಬ್ಬ ನಗ್ತಾ ಅಂದ — ನೆಕ್ಸ್ಟ್ ಟೈಮ್ ಬಾಳ್ಳುಪೇಟೆ ಸಂತೆಯಿಂದ ಮೀನು ತಂದು ಬಿಡಿ ಅಂತ. ಸಾಹುಕಾರ್ರ ಮುಖ ಕೆಂಡ.

"ಯಾರೋ ಬಲೆ ಹಾಕಿ ಬಳ್ಕೊಂಡವ್ರೆ. ಲೈನು ಹುಡುಕ್ಸಿ."

ಹುಡುಕಿದ್ರು. ಕುಳ್ಳಯ್ಯನ ಮನೆ ಅಟ್ಟದಲ್ಲಿ ಬಲೆ. ನಾನೇ ಕೆರೆಗೆ ತರಿಸಿದ್ದ ಅದೇ ಬಲೆ. ಲೈನಿನೋರೆಲ್ಲ ನಿಂತು ನೋಡ್ತಿದ್ರು. ಅವನ ಹೆಂಡತಿ ಹುಲಿಯಮ್ಮ ಬಾಗಿಲಲ್ಲಿ.

"ನೀನೇ ಹಿಡಿದ್ಯಾ?" ಸಾಹುಕಾರ್ರು ಕೇಳಿದ್ರು.

ಕುಳ್ಳಯ್ಯ ಬಲೆ ಮಡಚಿ ಕೆಳಗಿಟ್ಟ.

"ಇಲ್ಲ ಅಂತಾದ್ರೂ ಹೇಳೋ."

"ಏನೂ ಹೇಳಕ್ಕಾಗಾಕಿಲ್ಲ ಬುದ್ಧಿ."

ನನ್ನ ಕಡೆ ಒಂದು ಸಲ ನೋಡಿದ. ಒಂದೇ ಸಲ. ನಾನು ನೆಲ ನೋಡಿದೆ. ಮಂಗಳವಾರದೊಳಗೆ ಲೈನ್ ಖಾಲಿ ಮಾಡಬೇಕು ಅಂತ ಸಾಹುಕಾರ್ರು ಹೇಳಿ ಹೋದ್ರು. ಆಣೆ ಇಟ್ಟಿದ್ದು ಅವನು. ನಾನು ಯಾವ ಆಣೇನೂ ಇಟ್ಟಿರಲಿಲ್ಲ. ನನ್ನ ಬಾಯಿಗೆ ಏನಾಗಿತ್ತು. ಇಂಥೋನು ನಾನು ಅಂತ ನನಗೇ ಗೊತ್ತಿರಲಿಲ್ಲ.

12-5, ಸೋಮವಾರ

ಕೆಲಸ ಬಿಟ್ಟ ಮೇಲೆ ಲೈನಿಗೆ ಹೋದೆ. ಕುಳ್ಳಯ್ಯ ಪಾತ್ರೆಗಳನ್ನ ಗೋಣಿಗೆ ತುಂಬ್ತಿದ್ದ.

"ಆಣೆ ನಾನು ವಾಪಸ್ ತಗೊಂಡೆ. ಹೋಗಿ ನಡೆದಿದ್ದು ಹೇಳಿಬಿಡು."

"ಇಡ್ಸಿದೋರು ವಾಪಸ್ ತಗೊಳಕ್ಕಾಗಾಕಿಲ್ಲ ರೈಟ್ರೇ. ಧರ್ಮಸ್ಥಳಕ್ಕೇ ಹೋಗಿ, ತಪ್ಪುಕಾಣಿಕೆ ಹಾಕಿ ಬುಡಿಸ್ಕಬೇಕು. ನಾಳೆ ಒಳಗೆ ಎಲ್ಲಾಯ್ತದೆ?" ಗೋಣಿ ಬಾಯಿ ಹೊಲೀತಾ ಅಂದ. "ಬಿಸಿಲೆ ಕಡೆ ನಮ್ಮ ಭಾವ ಅವ್ನೆ. ಹೊಟ್ಟೆಪಾಡು ನಡೀತದೆ. ಕಳ್ಳ ಅಂತ ಅಲ್ಲೀಗಂಟ ಸುದ್ದಿ ಬರದಿದ್ರೆ ಸಾಕು."

ನೀವು ಹೇಳಿ ಅಂತ ಅವನು ಕೇಳಲಿಲ್ಲ. ಕೇಳ್ತಾನೆ ಅಂತ ಕಾಯ್ತಾ ನಿಂತಿದ್ದೆ. ಕತ್ತಲಾಯ್ತು, ಬಂದೆ. ವಿಶಾಲಂಗೆ ಎಲ್ಲಾ ಹೇಳಿದೆ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದ್ಲು.

13-5, ಮಂಗಳವಾರ, ಬೆಳಿಗ್ಗೆ 7

ಲೈನಿನ ಮುಂದೆ ಟೆಂಪೊ ಬಂದಿದೆ. ಹುಲಿಯಮ್ಮ ನಮ್ಮ ಕ್ವಾರ್ಟರ್ಸ್ ಅಂಗಳಕ್ಕೆ ಬಂದ್ಲು. ಜಗಳಕ್ಕೆ ಅಂದುಕೊಂಡೆ.

"ಒಂದ್ ಮಾತು ಕೇಳಿ ಹೋಗ್ತೀನಿ ರೈಟ್ರೇ. ನಮ್ಮೋನು ಕದ್ದವ್ನಾ? ನನ್ ತಾವೂ ಬಾಯಿ ಬುಡ್ತಿಲ್ಲ. ಕದ್ದಿದ್ರೂ ಬುಟ್ಟು ಹೋಗಾಕಿಲ್ಲ ನಾನು. ಗೊತ್ತಾಗಬೇಕು ಅಷ್ಟೇಯ."

ಹೇಳಿಬಿಟ್ಟೆ. ರಾಹುಕಾಲ, ಕತ್ತರಿ, ಗುಂಡಿ, ಆಣೆ — ಎಲ್ಲಾ. ಅವಳು ಬೈಯಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡ್ಲು.

"ಹಂಗಾರೆ ಬನ್ನಿ. ಸಾಹುಕಾರ್ರು ಬಂಗ್ಲೇಲೇ ಅವ್ರೆ. ಇದೇ ಮಾತ್ನ ಅವ್ರ ಮುಂದೆ ಅನ್ನಿ."

ಅಂಗಿ ಹಾಕ್ಕೊಂಡು ಬರ್ತೀನಿ ಅಂತ ಒಳಗೆ ಬಂದೆ. ಅಂಗಿ ಹಾಕ್ಕೊಂಡೂ ಆಯ್ತು. ಗುಂಡಿ ಹಾಕಿದ್ದೂ ಆಯ್ತು. ಕೂತು ಇದನ್ನ ಬರೀತಿದೀನಿ. ವಿಶಾಲ ಬಾಗಿಲಿಗೆ ಒರಗಿ ನನ್ನನ್ನೇ ನೋಡ್ತಿದಾಳೆ. ಟೆಂಪೊ ಸ್ಟಾರ್ಟ್ ಆದ ಸದ್ದು. ಹುಲಿಯಮ್ಮ ಕರೀತಿದಾಳೆ.

ಇನ್ನೊಂದು ಸಲ ಕರೆದ್ರೆ ಎದ್ದು ಹೋಗ್ತೀನಿ. ಕರೆದ್ಲು, ಪೆನ್ನು ಇಟ್ಟೆ.