ಹೂಂ, ಬರ್ರಿ

ಕೇಶ್ವಾಪುರ, ಹುಬ್ಬಳ್ಳಿ
ಬುಧವಾರ, ೨೩ ಜುಲೈ ೨೦೨೫

ಪ್ರೀತಿಯ ತಮ್ಮಾ ಅಮರೇಶಾ,

ಹೇಗಿದ್ದೀಯಪ್ಪಾ? ಕೆಮ್ಮು ಇಳಿಯಿತೆ? ಕಾಲ್ಬೆರಳ ಸಂದಿಯ ಕೆಸರುಹುಣ್ಣಿಗೆ ಅವ್ವ ಕಾಸಿ ಕೊಟ್ಟ ಅರಿಶಿನದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಡಬ್ಬಿಯನ್ನು ಕಿಟಕಿಯಲ್ಲಿಟ್ಟು ದಿನಾ ನಮಸ್ಕಾರ ಮಾಡುತ್ತಿದ್ದೀಯೋ? ಭಾನುವಾರದಿಂದ ನಿನ್ನ ಫೋನು ಹತ್ತುತ್ತಿಲ್ಲ. ಘಟ್ಟದಲ್ಲಿ ಟವರು ಬಂದ್ ಬಿದ್ದಿದೆ ಎಂದು ಯಂಕಣ್ಣ ಹೇಳಿದ. ನಿಮ್ಮ ರಸ್ತೆ ಕೆಲಸದ ಕ್ಯಾಂಪಿಗೆ ರೇಷನ್ನು ಒಯ್ಯುವ ಅವನ ಲಾರಿ ಇವತ್ತು ಮಧ್ಯಾಹ್ನ ಹೊರಡುತ್ತದೆ, ಅವನ ಕೈಯಲ್ಲೇ ಈ ಕಾಗದ ಕೊಡುತ್ತೇನೆ. ಒಂದು ರೀತಿಯಿಂದ ಇದೇ ಛಲೋ ಆಯಿತು. ಫೋನಿನಲ್ಲಾದರೆ ನಾನು ಒಂದು ಮಾತು ಮುಗಿಸುವುದರೊಳಗೆ "ಆತಾತು ಬಿಡಕ್ಕಾ" ಎಂದು ನೀನು ಬಾಯಿ ಹಾಕುತ್ತೀ. ಕಾಗದಕ್ಕೆ ಹಾಗೆ ಅನ್ನಲು ಬರುವುದಿಲ್ಲ, ಕೂತು ಓದು.

ಇಲ್ಲಿ ನಾವು ಆರಾಮ. ಪುಷ್ಯ ಮಳೆ ಹಿಡಿದದ್ದು ಬಿಟ್ಟಿಲ್ಲ. ಹೊಲಿಗೆ ಅಂಗಡಿಯಲ್ಲಿ ಮೂರು ಜಂಪರು ಬೂಷ್ಟು ಹಿಡಿದು, ಗಿರಾಕಿಗಳ ಕೈಯಲ್ಲಿ ಬೈಸಿಕೊಂಡೆ. ಅವ್ವನ ಮೊಣಕಾಲು ಮಳೆಗೆ ಸೆಳೆಯುತ್ತದೆ, ಬಾಯಿಗೇನೂ ಆಗಿಲ್ಲ. ನಿನ್ನದೊಂದು ಸುದ್ದಿ ಕೇಳಿ ಮಾತ್ರ ಸಮಾಧಾನವಾಯಿತು. ಶೆಡ್ಡಿನ ಹಿಂದೆ ಗುಡ್ಡದಿಂದ ಧುಮುಕುವ ಝರಿಯ ಸಪ್ಪಳಕ್ಕೆ ಕಣ್ಣಿಗೆ ಕಣ್ಣು ಹತ್ತುವುದಿಲ್ಲ ಎಂದು ತಿಂಗಳಿಂದ ಗೊಣಗುತ್ತಿದ್ದೆಯಲ್ಲ, ಭಾನುವಾರ "ಝರಿ ನಿಂತೈತಿ ಅಕ್ಕಾ, ಈಗ ನಿದ್ದಿ ಛಲೋ ಹತ್ತಾಕತ್ತೈತಿ" ಅಂದೆ. ನಿದ್ದೆಗೆಟ್ಟರೆ ನಿನಗೆ ಪಿತ್ತ ಏರುತ್ತದೆ, ಅದಕ್ಕೇ ಹೇಳಿದೆ.

ಈಗ ಕೇಳು. ನಾಲ್ಕು ದಿನದಿಂದ ನನಗೆ ಯಜ್ಞೇಶ್ವರ ಮಾಸ್ತರರ ನೆನಪು ಬಿಡದೆ ಕಾಡುತ್ತಿದೆ. ಅವರು ಹೋಗಿ ಇದೇ ಪುಷ್ಯ ಮಳೆಗೆ ವರ್ಷವಾಯಿತು. ನಮ್ಮ ಕೇಬಲ್ಲಿನ ಚಾನೆಲ್ಲಿನಲ್ಲಿ ಹವಾಮಾನ ಹೇಳಲು ಅವರ ಜಾಗಕ್ಕೆ ಚಿನ್ಮಯೀ ಎಂಬ ಹುಡುಗಿ ಬಂದಿದ್ದಾಳೆ. ಪಾಪ, ಚೆಲುವಿ, ಮಾತೂ ಸ್ವಚ್ಛ. ಆದರೆ "ಪ್ರತ್ಯೇಕ ಸ್ಥಳಗಳಲ್ಲಿ ಸಾಧಾರಣದಿಂದ ಭಾರಿ ಮಳೆ" ಅನ್ನುತ್ತಾಳೆ. ಅವ್ವ ಟಿವಿಗೆ ಕೇಳುತ್ತಾಳೆ, "ಪ್ರತ್ಯೇಕ ಅಂದ್ರ ನಮ್ಮ ಓಣಿ ಅದರಾಗ ಐತೋ ಇಲ್ಲೋ, ಅಷ್ಟ ಹೇಳವಾ." ಮಾಸ್ತರರು ಓಣಿ ಹೆಸರು ಹಿಡಿದೇ ಹೇಳುತ್ತಿದ್ದರು. ಭೂಗೋಳ ಕಲಿಸಿ ನಿವೃತ್ತರಾದವರು, ಗೋಡೆಗೆ ತೂಗುಹಾಕಿದ ಬಟ್ಟೆಯ ನಕಾಶೆ, ಕೈಯಲ್ಲಿ ಸಾಲಿಯ ಬಡಿಗೆ. "ಸಪ್ತಾಪುರದ ಹುಡುಗೂರು ಛತ್ರಿ ತಗೋಳ್ರಿ. ಗೋಪನಕೊಪ್ಪದವರು ಬರೇ ಟೊಪಗಿ ಹಾಕ್ಕೊಂಡ್ರ ನಡೀತದ." ಅವರು ಸಂಜೆ ಏಳಕ್ಕೆ ಬರುವವರೆಗೆ ಅವ್ವ ಮರುದಿನದ ಯಾವ ಕೆಲಸವನ್ನೂ ನಿಕ್ಕಿ ಮಾಡುತ್ತಿರಲಿಲ್ಲ. ನಿನ್ನ ಜವಳದ ದಿನವನ್ನೂ ಅವರನ್ನು ಕೇಳಿಯೇ ಇಟ್ಟದ್ದು, ಮುಹೂರ್ತ ಹೇಳುವ ಸ್ವಾಮಿಗಳು ಸಿಟ್ಟಾಗಿದ್ದರು.

ತಪ್ಪುತ್ತಿರಲಿಲ್ಲ ಅಂತಲ್ಲ, ಬೇಕಾದಷ್ಟು ಸಲ ತಪ್ಪುತ್ತಿದ್ದರು. ತಪ್ಪಿದ ಮರುದಿನ ಸ್ಟುಡಿಯೋದೊಳಗೇ ಛತ್ರಿ ಬಿಚ್ಚಿಕೊಂಡು ನಿಂತು, "ನಿನ್ನಿ ಯಾರ್ಯಾರವು ಏನೇನು ತೋಯ್ದಾವ, ಫೋನ್ ಮಾಡಿ ಬೈರಿ" ಅನ್ನುತ್ತಿದ್ದರು. ಅವ್ವ ಬಿಟ್ಟಾಳೆಯೆ? ಮಾಳಿಗೆಯ ಮೇಲಿನ ಶಾಬೂದಾಣಿ ಸಂಡಿಗೆ ಪಾಯಸವಾಗಿತ್ತು. ಫೋನು ಹಚ್ಚಿ ಉಸಿರು ತೆಗೆಯದೆ ಬೈದಳು. ಮರುಸಂಜೆ ಮಾಸ್ತರರು ಇಡೀ ಅವಳಿ ನಗರದ ಮುಂದೆ ಕೈಮುಗಿದು, "ಕೇಶ್ವಾಪುರದ ಈರವ್ವನವರ ಸಂಡಿಗಿಗೆ ನಾನು ಗುನ್ಹೇಗಾರ" ಅಂದರು. ಅವ್ವ ಆ ವರ್ಷವೆಲ್ಲ ಬಂಧು-ಬಳಗದಲ್ಲಿ ಎಷ್ಟು ಮೆರೆದಳು, ನೆನಪಿದೆಯೆ? ಅವರನ್ನು ನಾವು ಒಂದು ಸಲವೂ ಎದುರಿಗೆ ಕಂಡಿಲ್ಲ, ಆದರೂ ಅವರು ನಮ್ಮ ಮನೆಯವರೇ ಆಗಿದ್ದರು. ಅಷ್ಟು ಪ್ರೀತಿ ನನಗೆ ನಮ್ಮ ಸ್ವಂತ ಕಾಕಾನ ಮೇಲೂ ಇಲ್ಲ, ಖರೇ ಹೇಳುತ್ತೇನೆ.

ಮಳೆ "ಹೋತು" ಅಂತ ಅವರು ಎಂದೂ ಅನ್ನಲಿಲ್ಲ. ಯಾರಾದರೂ ಹಾಗೆ ಅಂದರೆ ಬಡಿಗೆ ಎತ್ತುತ್ತಿದ್ದರು. "ಮಳಿ ಹೋಗಂಗಿಲ್ರಿ. ಇಲ್ಲಿ ಕಾಣಲಿಲ್ಲಂದ್ರ ಎಲ್ಯರೆ ಕುಂತಿರ್ತದ. ಎಲ್ಲಿ ಕುಂತದ, ಅದನ್ನ ಕೇಳ್ರಿ." ನಾವಿಬ್ಬರೂ ಬಚ್ಚಲಿಗೆ ಹೋದವರನ್ನು ಕಂಡು "ಎಲ್ಲಿ ಕುಂತದ?" ಎಂದು ಅಣಕಿಸಿ ಅಪ್ಪನ ಕೈಯಲ್ಲಿ ಏಟು ತಿಂದಿದ್ದೆವು. ಆ ನಗೆ ನಿಂತದ್ದು ನಾಲಾದ ದಿನ. ನೀನಾಗ ಮೂರನೆಯ ಇಯತ್ತೆ. ಧಾರವಾಡದ ಕಡೆ ರಾತ್ರಿಯೆಲ್ಲ ಸುರಿದಿತ್ತು, ನಮ್ಮಲ್ಲಿ ಹಪ್ಪಳ ಒಣಗುವಂಥ ಬಿಸಿಲು. ಅವತ್ತು ಮಾಸ್ತರರು ಸಂಜೆಗೆ ಕಾಯದೆ ನಡುಮಧ್ಯಾಹ್ನ, ಸಿನೆಮಾ ನಿಲ್ಲಿಸಿ ಬಂದರು. ತಲೆ ಬಾಚಿರಲಿಲ್ಲ. "ಬಿಸಲು ಅದ ಅಂತ ಹಿಗ್ಗಬ್ಯಾಡ್ರಿ. ಧಾರವಾಡದ ಮಳಿ ಉಣಕಲ್ ಕೆರ್ಯಾಗ ಕುಂತದ. ನಾಲಾದ ದಂಡಿ ಮ್ಯಾಲಿನವರು ಏಳ್ರಿ, ಲಗೂ ಏಳ್ರಿ." ನೀನು ಆ ಕೆರೆಯ ಕೋಡಿ ನೀರು ಹಾಯುವ ಒಣ ನಾಲಾದೊಳಗೆ ಕ್ರಿಕೆಟ್ ಆಡುತ್ತಿದ್ದೆ. ಅವ್ವ ಕೈಯಲ್ಲಿ ಲಟ್ಟಣಿಗೆ ಹಿಡಿದವಳು ಹಾಗೆಯೇ ಓಡಿದಳು. ನಿನ್ನನ್ನು ದಂಡೆಗೆ ಎಳೆದು ತಂದು ನಾಲ್ಕು ಬಾರಿಸುತ್ತಿರುವಾಗಲೇ ಕೆಂಪು ನೀರು ಬಂತು. ನಿಮ್ಮ ಸ್ಟಂಪು, ಯಾರದೋ ಕರು, ಒಂದು ಬಾಗಿಲು, ಎಲ್ಲ ನಮ್ಮ ಕಣ್ಣೆದುರೇ ಹರಿದು ಹೋದವು. ನೀನು ಬ್ಯಾಟು ಹೋಯಿತೆಂದು ಎರಡು ದಿನ ಅತ್ತೆ.

ತಮ್ಮ ಬಗ್ಗೆಯೂ ಅವರು "ಹೋಗ್ತೇನಿ" ಅನ್ನುತ್ತಿರಲಿಲ್ಲ. ನಮ್ಮ ಮನೆಯಲ್ಲೂ ಅದೇ ರಿವಾಜು. ಹೊಸ್ತಿಲು ದಾಟುವವರು "ಬರ್ತೇನಿ" ಅನ್ನಬೇಕು, ಒಳಗಿದ್ದವರು "ಹೂಂ, ಬಾ" ಅನ್ನಬೇಕು. ಮರೆತು "ಹೋಗ್ತೇನಿ" ಅಂದವರನ್ನು ಅವ್ವ ಮತ್ತೆ ಒಳಗೆ ಕರೆದು, ಕೂರಿಸಿ, ನೀರು ಕುಡಿಸಿ, ಎರಡನೆಯ ಸಲ ಕಳಿಸುತ್ತಾಳೆ. ಮಾಸ್ತರರು ಕೊನೆಗೆ ಬಡಿಗೆ ಕಂಕುಳಲ್ಲಿಟ್ಟುಕೊಂಡು "ಬರ್ತೇನ್ರಿ" ಅನ್ನುತ್ತಿದ್ದರು. ಅವ್ವ ಟಿವಿಗೆ "ಹೂಂ, ಬರ್ರಿ" ಅಂದ ಮೇಲೆಯೇ ರಿಮೋಟು ಮುಟ್ಟುತ್ತಿದ್ದಳು. ಹೋದ ವರ್ಷ ಆ ಸಂಜೆ ಎಲ್ಲ ಎಂದಿನಂತೆಯೇ ಹೇಳಿದರು, ನಕ್ಕರು, ಕೊನೆಗೆ "ಹೋಗ್ತೇನ್ರಿ" ಅಂದುಬಿಟ್ಟರು. ಅವರಿಗೂ ಅದು ಗೊತ್ತಾದಂತೆ ಕಾಣಲಿಲ್ಲ. ಅವ್ವ ರಿಮೋಟು ಹಿಡಿದುಕೊಂಡು ಹಾಗೇ ಕೂತಳು. "ಒಳಗ ಕರದು ನೀರ ಕೊಡಾಕ ಬರಂಗಿಲ್ಲಲ್ಲ ದಾಕ್ಷಾ, ಟಿವ್ಯಾಗ ಅದಾರ" ಅಂದಳು. ಬೆಳಗಾಗುವುದರೊಳಗೆ ಮಾಸ್ತರರು ಇರಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು.

ಭಾನುವಾರ ಫೋನು ಇಡುವಾಗ ನೀನು "ಹೋಗ್ತೇನಿ ಅಕ್ಕಾ, ಸಾಹೇಬ್ರು ಕರಿಯಾಕತ್ತಾರ" ಅಂದೆ. ಸ್ಪೀಕರು ಹಚ್ಚಿತ್ತು. "ಹೂಂ, ಬಾ" ಅನ್ನಲು ತೆರೆದ ಅವ್ವನ ಬಾಯಿ ತೆರೆದೇ ಇತ್ತು. ತಕ್ಷಣ ತಿರುಗಿ ಹಚ್ಚಿದೆ, ಹತ್ತಲಿಲ್ಲ. ಆವತ್ತಿನಿಂದ ಹಚ್ಚುತ್ತಲೇ ಇದ್ದೇನೆ. ಅವ್ವ ಊಟಕ್ಕೆ ಕೂತರೆ ಅರ್ಧ ರೊಟ್ಟಿ ಬಿಟ್ಟು ಏಳುತ್ತಾಳೆ, ಏಳಕ್ಕೆ ಟಿವಿ ಹಚ್ಚಿ ದನಿ ಬಂದ್ ಮಾಡಿ ಚಿನ್ಮಯೀಯ ಹಿಂದಿನ ನಕಾಶೆಯಲ್ಲಿ ಘಟ್ಟದ ಬಣ್ಣ ನೋಡುತ್ತಾಳೆ. ನಿನ್ನೆ ಅದು ಕೆಂಪಗಿತ್ತು. ಡಿಪ್ಲೊಮಾ ಓದಿದವನು, ನಗುತ್ತೀ, ನಗು. ನನಗೆ ಹೆದರಿಕೆಯಾಗಿದೆ ಅಮರೇಶ. ಅವಸರದಲ್ಲಿ ಬಾಯಿ ತಪ್ಪಿದ್ದು ಎಂದು ನೂರು ಸಲ ಹೇಳಿಕೊಂಡರೂ ಎದೆ ಕೇಳುತ್ತಿಲ್ಲ. ಟವರು ಸಿಕ್ಕ ಕೂಡಲೇ ಫೋನು ಹಚ್ಚಿ ಅವ್ವನಿಗೆ ಆ ಒಂದು ಮಾತು ಸರಿಯಾಗಿ ಹೇಳಿಬಿಡು. ಮುದುಕಿ ಎರಡು ರೊಟ್ಟಿ ಪೂರಾ ಉಣ್ಣಲಿ.

ಯಂಕಣ್ಣನ ಹತ್ತಿರ ಶೇಂಗಾ ಹಿಂಡಿ, ಕಟಕ ರೊಟ್ಟಿ, ಒಣಗಿದ ಎರಡು ಟಾವೆಲ್ಲು ಕಳಿಸಿದ್ದೇನೆ. ಶೆಡ್ಡಿನ ಗೆಳೆಯರಿಗೂ ಕೊಡು, ಒಬ್ಬನೇ ತಿನ್ನಬೇಡ. ಬಸವಣ್ಣ ನಿನ್ನ ತಲೆಯ ಮೇಲೆ ಕೈಯಿಟ್ಟು ಕಾಯಲಿ.

ನಿನ್ನ ಅಕ್ಕ,
ದಾಕ್ಷಾಯಿಣಿ

ತಾ.ಕ.: ಯಂಕಣ್ಣ ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಗೀಚುತ್ತಿದ್ದೇನೆ, ಅಕ್ಷರ ಹೇಗಿದ್ದರೂ ಓದು. ಕಾಗದ ಮಡಚುವ ಮೊದಲು ಅವ್ವ ಓದಿಸಿ ಕೇಳಿದಳು. ಝರಿಯ ಮಾತು ಬಂದಲ್ಲೇ ನನ್ನ ಕೈ ಹಿಡಿದಳು. "ಮಳಿ ನಿಂತಿಲ್ಲ, ಝರಿ ಹ್ಯಾಂಗ ನಿಂತೀತು? ಆ ನೀರು ಎಲ್ಲಿ ಕುಂತೈತಿ, ಕೇಳು ಅವನ್ನ." ನಾನು ಅದನ್ನೇ ಸಮಾಧಾನದ ಸುದ್ದಿ ಎಂದು ಬರೆದಿದ್ದೆನಲ್ಲೋ! ಅದು ನಿಮ್ಮ ಶೆಡ್ಡಿನ ಮೇಲೆ, ಗುಡ್ಡದ ಹೊಟ್ಟೆಯಲ್ಲಿ ಕೂತಿದೆ, ಯಾವ ಗಳಿಗೆಯಲ್ಲಾದರೂ ಗುಡ್ಡದ ಸಮೇತ ಕುಸಿದೀತು. ಈ ಕಾಗದ ಕೈಗೆ ಬಂದ ಕ್ಷಣವೇ ಶೆಡ್ಡಿನವರನ್ನೆಲ್ಲ ಎಬ್ಬಿಸು, ಎಲ್ಲರೂ ಇದೇ ಲಾರಿ ಹತ್ತಿ. ಸಾಹೇಬರನ್ನು ಕೇಳುತ್ತ ನಿಲ್ಲಬೇಡ, ಹಾಸಿಗೆ, ಪೆಟ್ಟಿಗೆ ಎಂದು ತಿರುಗಿ ನೋಡಬೇಡ. ಅವತ್ತು ಬ್ಯಾಟು ಬಿಟ್ಟು ಬಂದೆಯಲ್ಲ, ಹಾಗೆ ಬಾ. ನಿನ್ನನ್ನು ಬಿಟ್ಟು ಒಬ್ಬನೇ ಬರಕೂಡದೆಂದು ಯಂಕಣ್ಣನಿಗೆ ಹೇಳಿದ್ದೇನೆ. ಅವನು "ಬರ್ತೇನ್ರಿ" ಅಂದ. ಅವ್ವ ಒಪ್ಪಲಿಲ್ಲ, ಒಳಗೆ ಕರೆದು, ಕೂರಿಸಿ, ನೀರು ಕುಡಿಸಿ, "ಬರ್ತೇವ್ರಿ" ಅನ್ನಿಸಿದಳು. ಆಮೇಲೆ ಹೊಸ್ತಿಲಲ್ಲಿ ನಿಂತು, ನೀನೂ ಅವನ ಪಕ್ಕದಲ್ಲಿದ್ದೀಯೆಂಬಂತೆ, "ಹೂಂ, ಬರ್ರಿ" ಅಂದಿದ್ದಾಳೆ.