ತಕ್ಕಡಿಗೆ ಪಾಠ ಹೇಳಿದವನು

ಬೊಮ್ಮಸಂದ್ರ,
ಗುರುವಾರ

ಚಿ. ಪಂಕಜಾಳಿಗೆ ಸೋದರಮಾವನ ಆಶೀರ್ವಾದಗಳು.

ಇಡೀ ಏಷ್ಯಾ ಖಂಡದಲ್ಲಿ ಯಂತ್ರಕ್ಕೆ ತರಕಾರಿ ಗುರುತು ಹಿಡಿಯಲು ಕಲಿಸಿದ ಮೊದಲ ಮನುಷ್ಯ ನಿನ್ನ ಮಾವನೇ. ನಗಬೇಡ, ಪೂರ್ತಿ ಓದು.

ಸೂಪರ್‌ಮಾರ್ಕೆಟ್ಟಿನಲ್ಲಿ ನಾನು ತರಕಾರಿ ತೂಗಿ ಬೆಲೆ ಚೀಟಿ ಅಂಟಿಸುವವನೆಂದು ನಿನಗೆ ಗೊತ್ತು. ಸರ್ಕಾರ ಕನಿಷ್ಠ ಸಂಬಳ ಏರಿಸಿದ ವಾರವೇ ನಮ್ಮಲ್ಲಿಗೆ ಕ್ಯಾಮೆರಾ ಇರುವ ತಕ್ಕಡಿ ಬಂತು. ತರಕಾರಿ ಇಟ್ಟರೆ ಅದೇ ನೋಡಿ, ತೂಗಿ, ಚೀಟಿ ಕೊಡಬೇಕು. ಮೊದಲ ದಿನ ಹೀರೇಕಾಯಿಯನ್ನು ಪಡವಲಕಾಯಿ ಎಂದಿತು. "ಲೇ ದಡ್ಡ, ಏಣು ಕಾಣ್ಸಲ್ವಾ?" ಎಂದು ಗದರಿಸಿ, ಹದಿನೈದು ದಿನ ಒಂದೊಂದನ್ನೂ ಹೊರಳಿಸಿ ಹೊರಳಿಸಿ ತೋರಿಸಿದೆ. ಪುದೀನ ಯಾವುದು, ಕೊತ್ತಂಬರಿ ಯಾವುದು ಎಂದು ಈಗ ನಿನಗಿಂತ ಚೆನ್ನಾಗಿ ಹೇಳುತ್ತದೆ.

ಶನಿವಾರ ಮ್ಯಾನೇಜರ್ ಮೇಡಂ ಕರೆದರು. ಬಹುಮಾನವೇ ಇರಬೇಕೆಂದು ತಲೆ ಬಾಚಿಕೊಂಡು ಹೋದೆ. "ಕರಿಬಸಪ್ಪಣ್ಣ, ತುಂಬಾ ಚೆನ್ನಾಗಿ ಕಲಿಸಿದ್ರಿ. ಹೊಸ ಸಂಬಳ ಎಲ್ರಿಗೂ ಕೊಡೋಕಾಗಲ್ವಂತೆ. ತಕ್ಕಡಿ ಹತ್ರ ಇನ್ಮೇಲೆ ಯಾರೂ ಬೇಡ್ವಂತೆ" ಎಂದರು. ನನ್ನ ಮುಖ ನೋಡಲಿಲ್ಲ.

ಆದ್ದರಿಂದ ನನ್ನ ಪಕ್ಕದಲ್ಲೇ ಕೆಲಸ ಕೊಡಿಸುತ್ತೇನೆಂದದ್ದನ್ನು ಮರೆತುಬಿಡು. ದಾವಣಗೆರೆಯ ಬಟ್ಟೆ ಅಂಗಡಿ ಬಿಡಬೇಡ. ಬಿಡುತ್ತೇನೆಂದು ಹೇಳಿಬಿಟ್ಟಿದ್ದರೆ, ಈ ಪತ್ರ ಮುಟ್ಟಿದ ದಿನವೇ ಹೋಗಿ ಮಾಲೀಕರ ಕೈಕಾಲು ಹಿಡಿ. ಇಲ್ಲಿ ನಾಲ್ಕು ಅಂಗಡಿಯಲ್ಲಿ ಕೇಳಿದೆ, ಅಲ್ಲೂ ಅದೇ ತಕ್ಕಡಿ. ನಿಮ್ಮವ್ವನಿಗೆ ನಾನೇ ಹೇಳುತ್ತೇನೆ.

ಇನ್ನೊಂದು ಮಾತು. ನನ್ನ ಸಂಬಳ ಮೂವತ್ತೈದು ಸಾವಿರ ಎಂದಿದ್ದೆನಲ್ಲ, ಅದು ಸುಳ್ಳು. ಕೆಲಸದ ಜೊತೆ ಹೋದದ್ದು ತಿಂಗಳಿಗೆ ಹದಿಮೂರು ಸಾವಿರದ ಎಂಟುನೂರು, ಅಷ್ಟೇ.

ಇಂತಿ,
ನಿನ್ನ ಮಾವ
ಕರಿಬಸಪ್ಪ