ನಾಡಿ ಇಲ್ಲದ ಬೊಂಬೆಗೆ ಎಪ್ಪತ್ತೆರಡು ಬರೆಯದ ತಪ್ಪಿಗೆ

ನರ್ಸಿಂಗ್ ಪರವಾನಗಿ ಮಂಡಳಿಯ ಪರೀಕ್ಷಾ ನಿಯಂತ್ರಕರಿಗೆ

ಮಾನ್ಯರೇ,

ಕಳೆದ ಬಾರಿಯ ಪ್ರಾಯೋಗಿಕ ಪರೀಕ್ಷೆಯಲ್ಲಿ ತಮ್ಮ ಮಂಡಳಿ ನನ್ನನ್ನು ಅನುತ್ತೀರ್ಣಗೊಳಿಸಿತು. ಕೆಟ್ಟುಹೋಗಿದ್ದ ಒಂದು ಬೊಂಬೆಗೆ ನಾಡಿ ಇದೆ ಎಂದು ನಾನು ಬರೆಯಲಿಲ್ಲ, ಅದು ನನ್ನ ಅಪರಾಧ. ಮುಂದಿನ ತಿಂಗಳು ಅದೇ ಪರೀಕ್ಷೆಗೆ ಮತ್ತೆ ಬರುತ್ತಿದ್ದೇನೆ. ತಮ್ಮ ನಿಯಮದ ಪ್ರಕಾರ ಅದು ನನ್ನ ಕೊನೆಯ ಅವಕಾಶ. ಅದರಲ್ಲೂ ಸೋತರೆ ನಲವತ್ತು ದಾಟಿದ ನಾನು ಮಗಳ ವಯಸ್ಸಿನವರ ಪಕ್ಕದಲ್ಲಿ ಕೂತು ಇಡೀ ಕೋರ್ಸನ್ನು ಮೊದಲಿನಿಂದ ಓದಬೇಕು. ಅಷ್ಟು ವರ್ಷ ನನ್ನ ಮನೆಯೂ ಕಾಯುವುದಿಲ್ಲ, ವಾರ್ಡೂ ಕಾಯುವುದಿಲ್ಲ. ನೇರವಾಗಿ ಹೇಳಬೇಕೆಂದರೆ, ನಾನು ಇನ್ನು ಮುಂದೆ ನರ್ಸ್ ಆಗಿರುತ್ತೇನೋ ಇಲ್ಲವೋ ಎಂಬುದು ಆ ಒಂದು ಬೊಂಬೆಯ ಕೈಯಲ್ಲಿದೆ.

ಇದನ್ನು ಬಹಿರಂಗವಾಗಿ, ಅದೂ ಮನೆಮಾತಿನಲ್ಲಿ ಬರೆಯುತ್ತಿರುವುದಕ್ಕೆ ಕ್ಷಮಿಸಬೇಕು. ಇಂಗ್ಲಿಷಿನಲ್ಲಿ ಬರೆದ ಮೇಲ್ಮನವಿ ತಮ್ಮ ಕಚೇರಿಗೆ ಈಗಾಗಲೇ ತಲುಪಿದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದರಿಂದ ನನಗೆ ಆ ಭಾಷೆಯಲ್ಲಿ ಬೇಡಿಕೊಳ್ಳಲು ಚೆನ್ನಾಗಿ ಬರುತ್ತದೆ, ಜಗಳವಾಡಲು ಬರುವುದಿಲ್ಲ. ಸಿಟ್ಟಿನಲ್ಲಿ ಶುರುಮಾಡಿದ ವಾಕ್ಯವೂ ಕೊನೆಗೆ ವಂದನೆಯಾಗಿ ಮುಗಿಯುತ್ತದೆ. ಈ ಸಲ ಹಾಗಾಗುವುದು ಬೇಡ.

ನಾನು ಹೊಸಬಳಲ್ಲ. ಮದುವೆಗೆ ಮುಂಚಿನಿಂದ ವಾರ್ಡಿನಲ್ಲಿ ಕೆಲಸ ಮಾಡಿದವಳು. ಅತ್ತೆಗೆ ಪಾರ್ಶ್ವವಾಯು ಹೊಡೆದಾಗ ಕೆಲಸ ಬಿಟ್ಟು ಮನೆಯಲ್ಲಿ ನಿಂತೆ. ಅವರನ್ನು ಮಗ್ಗುಲು ಬದಲಿಸಿ ಮಲಗಿಸಿದೆ, ಬೆನ್ನಿನಲ್ಲಿ ಹುಣ್ಣಾಗದಂತೆ ನೋಡಿಕೊಂಡೆ, ಮೂಗಿನ ನಳಿಕೆಯಲ್ಲಿ ಆಹಾರ ಕೊಟ್ಟೆ, ಕೊನೆಗೆ ಕೋಲು ಹಿಡಿದು ಬಚ್ಚಲವರೆಗೆ ನಡೆಯುವಂತೆ ಮಾಡಿದೆ. ಅಷ್ಟರಲ್ಲಿ ನನ್ನ ಪರವಾನಗಿಯ ಅವಧಿ ಮುಗಿದಿತ್ತು. ಆ ವರ್ಷಗಳಲ್ಲಿ ನಾನು 'ವೃತ್ತಿಯಿಂದ ದೂರವಿದ್ದೆ' ಎಂದು ತಮ್ಮ ನಿಯಮ ಹೇಳುತ್ತದೆ. ಆಗಲಿ, ನಿಯಮ ನಿಯಮವೇ. ದೂರವಿದ್ದವರನ್ನು ಒಳಗೆ ಬಿಡುವ ಮುಂಚೆ ಪರೀಕ್ಷಿಸಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಔಷಧಗಳು ಬದಲಾಗಿವೆ, ಯಂತ್ರಗಳು ಬದಲಾಗಿವೆ, ನನ್ನ ಕಣ್ಣಿಗೂ ಕನ್ನಡಕ ಬಂದಿದೆ. ಹಳೆಯ ವಾರ್ಡಿನ ಹಿರಿಯ ಸಿಸ್ಟರ್ ನನ್ನನ್ನು ಸದ್ಯಕ್ಕೆ ಸಹಾಯಕಿಯಾಗಿ ತೆಗೆದುಕೊಂಡಿದ್ದಾರೆ. ಹಾಸಿಗೆ ಹಾಸುತ್ತೇನೆ, ಗಾಲಿಕುರ್ಚಿ ತಳ್ಳುತ್ತೇನೆ. ಸೂಜಿ ಮುಟ್ಟುವಂತಿಲ್ಲ. "ಬೇಗ ಪಾಸಾಗು ಮಾರಾಯ್ತಿ, ನಿನ್ನ ಜಾಗಕ್ಕೆ ಬೇರೆಯವರನ್ನ ಹಾಕಿ ಅಂತ ಮೇಲಿನವರು ದಿನಾ ನನ್ನ ತಲೆ ತಿಂತಾರೆ" ಎನ್ನುತ್ತಾರೆ ಅವರು.

ಇನ್ನು ಆ ದಿನದ ಸಂಗತಿ.

ಬೆಳಿಗ್ಗೆ ಸಭಾಂಗಣದಲ್ಲಿ ನಮ್ಮನ್ನೆಲ್ಲ ಕೂರಿಸಿ ತಮ್ಮ ಸಿಬ್ಬಂದಿಯೊಬ್ಬರು ಮೈಕಿನಲ್ಲಿ ಹೇಳಿದರು. "ನಮ್ಮ ಬೊಂಬೆಗಳು ಉಸಿರಾಡ್ತವೆ, ಅವಕ್ಕೆ ನಾಡಿ ಇದೆ. ನಿಜವಾದ ರೋಗಿ ಅಂತಾನೇ ತಿಳ್ಕೊಳ್ಳಿ." ನಾನು ಹಾಗೆಯೇ ತಿಳಿದುಕೊಂಡೆ. ಮೊದಲ ಕೊಠಡಿಯ ಬೊಂಬೆಗೆ ನಿಜಕ್ಕೂ ನಾಡಿ ಇತ್ತು. ಎದೆಯೊಳಗಿನ ಸಣ್ಣ ಪಂಪಿನಿಂದ ರಬ್ಬರಿನ ಚರ್ಮದ ಕೆಳಗೆ ಮಿಡಿತ ಬರುತ್ತಿತ್ತು, ಎದೆ ಏರಿಳಿಯುತ್ತಿತ್ತು. ನನಗೆ ಖುಷಿಯೇ ಆಯಿತು. ನಮ್ಮ ಕಾಲದಲ್ಲಿ ದಿಂಬಿಗೆ ಬಟ್ಟೆ ಸುತ್ತಿ ಕಲಿಸುತ್ತಿದ್ದರು.

ಮುಂದಿನ ಕೊಠಡಿಯ ಬಾಗಿಲಿಗೆ ಅಂಟಿಸಿದ್ದ ಸೂಚನೆ ಹೀಗಿತ್ತು: ಜ್ವರವೆಂದು ದಾಖಲಾದ ರೋಗಿ, ನಾಡಿ ಮತ್ತು ಉಸಿರಾಟ ನೋಡಿ ದಾಖಲಿಸಿ. ಒಳಗೆ ಹೋದೆ. ನೀರಿಲ್ಲದೆಯೇ ಕೈ ತೊಳೆದಂತೆ ಮಾಡಿದೆ, ರೋಗಿಯನ್ನು ಮಾತಾಡಿಸಿದೆ. ರೋಗಿಯ ಪರವಾಗಿ ಉತ್ತರಿಸಬೇಕಾಗಿದ್ದ ಪರೀಕ್ಷಕಿ ಮೊಬೈಲು ನೋಡುತ್ತಿದ್ದರು. ಬೊಂಬೆಯ ಭುಜ ತಟ್ಟಿ ಕರೆದೆ. ಉತ್ತರವಿಲ್ಲ. ಮಣಿಕಟ್ಟು ಹಿಡಿದೆ, ನಾಡಿ ಇಲ್ಲ. ಎದೆ ನೋಡಿದೆ, ಏರಿಳಿತವಿಲ್ಲ. ಕತ್ತಿನಲ್ಲಿ ಬೆರಳಿಟ್ಟೆ, ಅಲ್ಲೂ ಇಲ್ಲ.

ಈಗ ತಾವೇ ಹೇಳಿ, ನಾನು ಏನು ಮಾಡಬೇಕಿತ್ತು? ತಮ್ಮ ಮಂಡಳಿಯೇ ಅಚ್ಚು ಹಾಕಿಸಿದ ಕೈಪಿಡಿಯಲ್ಲಿ ಇದಕ್ಕೆ ಉತ್ತರ ದಪ್ಪಕ್ಷರದಲ್ಲಿದೆ: ಸಹಾಯಕ್ಕೆ ಕೂಗಿ, ಎದೆ ಒತ್ತಲು ಆರಂಭಿಸಿ. ನಾನು ಕೂಗಿದೆ. ವಾರ್ಡಿನಲ್ಲಿ ಕೂಗುವ ಹಾಗೆಯೇ ಕೂಗಿದೆ. ಮಂಚದ ಪಕ್ಕದ ಸ್ಟೂಲು ಎಳೆದು, ಮೇಲೆ ಮೊಣಕಾಲೂರಿ, ಎದೆ ಒತ್ತತೊಡಗಿದೆ. ಪಕ್ಕದ ಕೊಠಡಿಯಿಂದ ಇಬ್ಬರು ಅಭ್ಯರ್ಥಿಗಳು ಓಡಿಬಂದರು. ಕಾವಲುಗಾರನೂ ಬಂದ. ಪರೀಕ್ಷಕಿಗೆ ಮಾತ್ರ ಕುರ್ಚಿಯಿಂದ ಏಳಲು ಸ್ವಲ್ಪ ಹೊತ್ತು ಹಿಡಿಯಿತು.

"ಏನ್ರೀ ಮಾಡ್ತಿದ್ದೀರಾ? ಅದು ಜ್ವರದ ಕೇಸು!"

"ಮೇಡಂ, ನಾಡಿ ಸಿಗ್ತಾ ಇಲ್ಲ."

"ಪಂಪ್ ಕೆಟ್ಟಿದೆ ಕಣ್ರೀ. ಸುಮ್ನೆ ಏನೋ ಒಂದು ಬರೆದು ಹೋಗಬಾರದಾ? ಬೆಳಗ್ಗಿಂದ ಎಲ್ಲರೂ ಬರೆದು ಹೋಗಿಲ್ವಾ?"

ಏನೋ ಒಂದು. ಮಾನ್ಯರೇ, ವಾರ್ಡಿಗೆ ಬಂದ ಮೊದಲ ವಾರ ನಮಗೆ ಕಲಿಸಿದ್ದು ಒಂದೇ ಪಾಠ: ಎಣಿಸದೆ ಬರೆಯಬೇಡ. ಮಾತ್ರೆ ಕೊಡಲು ತಡವಾದರೆ ಬೈಗುಳ ತಿಂದು ಬದುಕಬಹುದು. ಕೂತಲ್ಲೇ ನಾಡಿ ಬರೆದವಳು ಸಿಕ್ಕಿಬಿದ್ದರೆ ಅವಳ ಜೊತೆ ಯಾರೂ ಪಾಳಿ ಹಂಚಿಕೊಳ್ಳುತ್ತಿರಲಿಲ್ಲ. ಅವಳು ಬಿಟ್ಟುಹೋದ ಅಂಕಿಯನ್ನು ನಂಬಿ ಮುಂದಿನವಳು ಔಷಧ ಕೊಡಬೇಕಲ್ಲ.

ಮೇಲ್ಮನವಿಗೆ ತಮ್ಮ ಕಚೇರಿ ಕೊಟ್ಟ ಉತ್ತರವನ್ನು ಓದುಗರೂ ಓದಲಿ: "ಸದರಿ ಬೊಂಬೆಯ ಪಂಪು ಅಂದು ಕಾರ್ಯನಿರ್ವಹಿಸುತ್ತಿರಲಿಲ್ಲವೆಂಬುದು ನಿಜ. ಅಭ್ಯರ್ಥಿಗಳಿಗೆ ಇದನ್ನು ತಿಳಿಸುವ ಅಗತ್ಯ ಕಂಡುಬಂದಿರುವುದಿಲ್ಲ. ಉಳಿದೆಲ್ಲ ಅಭ್ಯರ್ಥಿಗಳು ರೋಗಿಯ ನಾಡಿಯನ್ನು ಯಶಸ್ವಿಯಾಗಿ ದಾಖಲಿಸಿರುತ್ತಾರೆ."

ಇದನ್ನು ಟೈಪು ಮಾಡಿದವರು, ತಿದ್ದಿದವರು, ಸಹಿ ಹಾಕಿದ ತಾವು, ಇಷ್ಟು ಜನರಲ್ಲಿ ಒಬ್ಬರಿಗೂ ಆ ಕೊನೆಯ ಸಾಲು ಚುಚ್ಚಲಿಲ್ಲವೇ? ಪಂಪು ನಿಂತಿತ್ತು, ನಾಡಿ ಇರಲಿಲ್ಲ, ಆದರೂ ಎಲ್ಲರಿಗೂ ನಾಡಿ ಸಿಕ್ಕಿತು! ಅವರೆಲ್ಲ ಉತ್ತೀರ್ಣರು. ಅವರು ಈಗ ಯಾರದೋ ಮಂಚದ ಪಕ್ಕ ನಿಂತಿದ್ದಾರೆ. ಅವರನ್ನು ದೂರಲು ನನಗೆ ಮನಸ್ಸಿಲ್ಲ; ಅವರಿಗೂ ಮನೆಮಠ ಇದೆ, ಅವರೂ ಹೆದರಿದ್ದರು. ಹೆದರಿದವರಿಗೆ ಸುಳ್ಳು ಬರೆಯುವುದನ್ನು ಕಲಿಸಿ, ಅದಕ್ಕೆ ಅಂಕ ಕೊಟ್ಟು ಕಳಿಸಿದವರು ಯಾರು?

ನಾನು ಹಠಮಾರಿಯೇ ಎಂದು ನನ್ನನ್ನೇ ಹಲವು ಸಲ ಕೇಳಿಕೊಂಡಿದ್ದೇನೆ. ಮಗಳಂತೂ ಕೇಳಿಯೇಬಿಟ್ಟಳು. "ಅಮ್ಮಾ, ಅದು ಬೊಂಬೆ ಅಂತ ನಿಂಗೆ ಗೊತ್ತಿತ್ತು ತಾನೆ? ಬೊಂಬೆ ಸಾಯಲ್ಲ. ಒಂದು ನಂಬರ್ ಬರೆದಿದ್ರೆ ಯಾರಿಗೆ ಏನಾಗ್ತಿತ್ತು?" ಎದೆ ಒತ್ತುವ ಮುಂಚೆ ಪರೀಕ್ಷಕಿಯನ್ನು ಒಂದು ಮಾತು ಕೇಳಬಹುದಿತ್ತು ಎಂಬುದೂ ನಿಜ. ಹಾಗಾಗಿ ಸೋಲನ್ನು ಒಪ್ಪಿಕೊಂಡು, ಈ ಸಲ ಎಲ್ಲರಂತೆ ತಯಾರಾಗೋಣ ಎಂದು ಬಸ್ ನಿಲ್ದಾಣದ ಹಿಂದಿನ ಕೋಚಿಂಗ್ ತರಗತಿಗೆ ಸೇರಿದೆ.

ಅಲ್ಲಿಯ ಮೇಷ್ಟ್ರನ್ನು ಹುಡುಗಿಯರು 'ಎಪ್ಪತ್ತೆರಡು ಸರ್' ಎನ್ನುತ್ತಾರೆ. ಟೈರು ಅಂಗಡಿಯ ಮೇಲಿನ ಕೋಣೆ, ಒಂದು ಮೇಜು, ಮೇಜಿನ ಮೇಲೆ ಯಾವುದೋ ಬಟ್ಟೆ ಅಂಗಡಿಯ ಶೋಕೇಸಿನಿಂದ ತಂದ ಪ್ಲಾಸ್ಟಿಕ್ ಕೈ. ಅವರ ವಿದ್ಯೆ ಬಹಳ ಸರಳ. "ನೋಡ್ರಮ್ಮಾ, ನಾಡಿ ಸಿಕ್ತಾ, ಸಂತೋಷ. ಸಿಗಲಿಲ್ವಾ, ಎಪ್ಪತ್ತೆರಡು. ಉಸಿರು ಹದಿನೆಂಟು. ಬೆರಳು ಇಡೋದು, ಗಡಿಯಾರದ ಕಡೆ ಮುಖ ಮಾಡೋದು, ಬಾಯಿ ಬಿಟ್ಟು ಹೇಳೋದು. ಎಣಿಸ್ತಾ ಕೂತ್ರೆ ಟೈಮ್ ಯಾರಪ್ಪ ಕೊಡ್ತಾನೆ?" ಜ್ವರದ ರೋಗಿಯ ನಾಡಿ ಸಾಮಾನ್ಯವಾಗಿ ವೇಗವಾಗಿ ಓಡುತ್ತದಲ್ಲ ಸರ್, ಆರೋಗ್ಯವಂತರ ಎಪ್ಪತ್ತೆರಡು ಹೇಗೆ, ಎಂದೆ. "ಅಕ್ಕಾ, ನೀವು ಹೋದ್ಸಲ ಯಾಕೆ ಫೇಲಾದ್ರಿ ಅಂತ ಈಗ ಗೊತ್ತಾಯ್ತು" ಎಂದರು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ.

ನಕ್ಕು, ಕಲಿತೆ. ನಾನು ಒಳ್ಳೆಯ ವಿದ್ಯಾರ್ಥಿನಿ, ಮಾನ್ಯರೇ. ಹೇಳಿಕೊಟ್ಟದ್ದನ್ನು ಕಲಿಯುವುದು ನನಗೆ ಶಾಲೆಯಿಂದಲೇ ರೂಢಿ. ಮನೆಯಲ್ಲಿ ಅತ್ತೆಯೇ ನನ್ನ ಬೊಂಬೆ, ಮಗಳೇ ಪರೀಕ್ಷಕಿ. ಅತ್ತೆ ಮಂಚದ ಮೇಲೆ ಕೈ ಚಾಚಿ ಮಲಗಿ ಗೇಲಿ ಮಾಡುತ್ತಿದ್ದರು. "ನೋಡೇ, ನಾಡಿ ಇದ್ಯಾ? ಇಲ್ದಿದ್ರೆ ಕೂಗಬೇಡ್ವೇ, ಪಕ್ಕದ ಮನೆಯವರು ಹೂವಿನ ಹಾರ ತಂದಾರು. ಎಪ್ಪತ್ತೆರಡು ಅಂತ ಬರ್ಕೊಂಡು ಹೋಗಿ ಕಾಫಿ ಮಾಡು."

ಒಂದು ಭಾನುವಾರ ಮಧ್ಯಾಹ್ನ ಹೀಗೆಯೇ ಅಭ್ಯಾಸ ನಡೆದಿತ್ತು. ಅತ್ತೆ ಅಂದು ಹೆಚ್ಚು ಮಾತಾಡಲಿಲ್ಲ. ಊಟ ಸೇರಲಿಲ್ಲ ಎಂದಿದ್ದರು. ನಾನು ಮಣಿಕಟ್ಟಿನ ಮೇಲೆ ಬೆರಳಿಟ್ಟೆ, ಗೋಡೆ ಗಡಿಯಾರದ ಕಡೆ ಮುಖ ಮಾಡಿದೆ, ಗಟ್ಟಿಯಾಗಿ ಹೇಳಿದೆ: "ನಾಡಿ ನಿಮಿಷಕ್ಕೆ ಎಪ್ಪತ್ತೆರಡು. ಕ್ರಮಬದ್ಧವಾಗಿದೆ."

ಮಗಳು ಮೊಬೈಲಿನಿಂದ ತಲೆ ಎತ್ತಿದಳು. "ಅಮ್ಮಾ, ನಾನಿನ್ನೂ ಟೈಮರ್ ಒತ್ತೇ ಇಲ್ಲ."

ಬೆರಳು ಅಲ್ಲೇ ಇತ್ತು. ಮತ್ತೆ ಹಿಡಿದೆ, ಈ ಸಲ ನಿಜವಾಗಿ ಹಿಡಿದೆ. ಒಂದು ಬಡಿತ, ತಕ್ಷಣ ಇನ್ನೊಂದು, ಆಮೇಲೆ ಖಾಲಿ, ಆಮೇಲೆ ಮೂರು ಒಟ್ಟಿಗೆ ಮುಗ್ಗರಿಸಿ ಬಂದವು. ಕ್ರಮ ಎಂಬುದೇ ಇರಲಿಲ್ಲ. ಪೂರ್ತಿ ನಿಮಿಷ ಎಣಿಸಿದಾಗ ನೂರು ಬಹಳ ಹಿಂದೆ ಉಳಿದಿತ್ತು.

"ಅತ್ತೆ, ಎದೆ ಹೇಗಿದೆ?"

"ಬೆಳಗ್ಗಿಂದ ಡವಡವ ಅಂತಿದೆ ಕಣೇ. ಹೇಳೋಣ ಅಂತಿದ್ದೆ, ನೀನು ಸರಿ ಇದೆ ಅಂದ್ಯಲ್ಲ, ಅದಕ್ಕೇ ಸುಮ್ನಾದೆ."

ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಹೃದಯದ ಲಯ ತಪ್ಪಿತ್ತು. ಹೀಗೇ ಬಿಟ್ಟಿದ್ದರೆ ರಕ್ತ ಹೆಪ್ಪುಗಟ್ಟಿ ಮತ್ತೊಮ್ಮೆ ಪಾರ್ಶ್ವವಾಯು ಹೊಡೆಯಬಹುದಿತ್ತು ಎಂದರು ವೈದ್ಯರು. ಅತ್ತೆ ಈಗ ಮನೆಯಲ್ಲಿದ್ದಾರೆ, ಮಾತ್ರೆ ನುಂಗುತ್ತಾರೆ, ಮೊದಲಿನಂತೆ ನನ್ನ ಅಡುಗೆಗೆ ಹೆಸರಿಡುತ್ತಾರೆ. ಮಗಳು ಮಾತ್ರ ಬೊಂಬೆಯ ಪ್ರಶ್ನೆಯನ್ನು ಮತ್ತೆ ಎತ್ತಲಿಲ್ಲ.

ಅಷ್ಟು ವರ್ಷ ಮೈಮುಟ್ಟಿ ನೋಡಿಕೊಂಡ ಜೀವದ ನಾಡಿ ನನ್ನ ಬೆರಳಿನ ಕೆಳಗೆ ತಪ್ಪುತ್ತಿದ್ದಾಗ, ನನ್ನ ಬಾಯಿ ತಮ್ಮ ಪರೀಕ್ಷೆಗೆ ಉತ್ತರ ಹೇಳುತ್ತಿತ್ತು. ವೃತ್ತಿಯಿಂದ ದೂರವಿದ್ದಾಗ ಕೆಡದ ನನ್ನ ಕೈ, ತಮ್ಮ ಪರವಾನಗಿಗೆ ತಯಾರಾಗುವಾಗ ಕೆಟ್ಟಿತು. ಇದು ಕೋಚಿಂಗಿನವರ ತಪ್ಪು ಎಂದು ತಾವು ಕೈತೊಳೆದುಕೊಳ್ಳಬಹುದು, ಅದೂ ನೀರಿಲ್ಲದೆ, ಪರೀಕ್ಷಾ ಕೊಠಡಿಯಲ್ಲಿ ನಾವು ತೊಳೆದಂತೆ ಮಾಡುವ ಹಾಗೆ. ಮೇಷ್ಟ್ರು ತಮ್ಮ ಪರೀಕ್ಷೆಯನ್ನು ಓದಿಕೊಂಡಿದ್ದಾರೆ, ಅಷ್ಟೇ. ಅಲ್ಲಿ ಯಾವುದಕ್ಕೆ ಅಂಕ ಬೀಳುತ್ತದೋ ಅದನ್ನು ಮಾರುತ್ತಾರೆ. ಆ ಅಂಗಡಿಗೆ ಸರಕು ಹೋಗುವುದು ತಮ್ಮ ಕಚೇರಿಯಿಂದ. ನಾನು ಕಲಿತದ್ದು ನನ್ನ ತಪ್ಪಲ್ಲವೇ ಎಂದರೆ, ಹೌದು, ನನ್ನದೂ ಹೌದು. ಆ ಭಾನುವಾರವನ್ನು ನಾನು ಯಾರ ತಲೆಗೂ ಪೂರ್ತಿಯಾಗಿ ಕಟ್ಟಲಾರೆ. ಆದರೆ ನನ್ನ ಪಾಲಿಗೆ ನಾನು ನಿದ್ದೆಗೆಡುತ್ತಿದ್ದೇನೆ. ತಾವು ತಮ್ಮ ಪಾಲಿಗೆ ಏನು ಮಾಡುತ್ತಿದ್ದೀರಿ?

ಕೋಚಿಂಗ್ ಬಿಟ್ಟಿದ್ದೇನೆ. ಹಿರಿಯ ಸಿಸ್ಟರ್‌ಗೆ ವಿಷಯ ತಿಳಿಸಿದಾಗ ಅವರು ಕೈಯಲ್ಲಿದ್ದ ಹೊದಿಕೆಯನ್ನು ಮಡಚುತ್ತಲೇ ಕೇಳಿದರು. "ಅಲ್ಲಾ, ಈ ಸಲಾನೂ ಆ ಹಾಳು ಬೊಂಬೇನೇ ಮಲಗಿಸಿದ್ರೆ ಏನ್ ಮಾಡ್ತೀಯಾ?"

"ಗೊತ್ತಿಲ್ಲ ಸಿಸ್ಟರ್."

"ಗೊತ್ತಿಲ್ಲ ಅಂದ್ರೆ? ಹೊಟ್ಟೆಪಾಡು ಕಣೇ. ಒಂದು ಅಂಕಿ."

ಅವರ ಮಾತಿನಲ್ಲಿ ಕಳಕಳಿಯಿತ್ತು, ನನಗೆ ಸಿಟ್ಟು ಬರಲಿಲ್ಲ. ಈ ಪತ್ರ ಬರೆಯಲು ಕೂತಾಗಲೂ ನನಗೆ ಗೊತ್ತಿರಲಿಲ್ಲ. ಬರೆಯುತ್ತಾ ಗೊತ್ತಾಯಿತು. ನಾಡಿ ಇಲ್ಲದ ಬೊಂಬೆಯನ್ನೇ ಮಲಗಿಸಿದರೆ, 'ನಾಡಿ ಸಿಗಲಿಲ್ಲ' ಎಂದೇ ಬರೆಯುತ್ತೇನೆ. ಈ ಸಲ ಕೂಗುವುದಿಲ್ಲ, ಎದೆ ಒತ್ತುವುದಿಲ್ಲ. ಪಂಪು ಕೆಟ್ಟಿದೆ ಎಂಬುದು ನನಗೀಗ ತಿಳಿದಿದೆ. ಆದರೆ ಅಂಕಿ ಬರೆಯುವುದಿಲ್ಲ. ತಾವು ಅನುತ್ತೀರ್ಣಗೊಳಿಸಿದರೆ ಜೀವಮಾನವಿಡೀ ಗಾಲಿಕುರ್ಚಿ ತಳ್ಳುತ್ತೇನೆ. ಇದನ್ನು ಧೈರ್ಯ ಎಂದು ತಿಳಿಯಬೇಡಿ. ಈ ಸಾಲನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ.

ನನ್ನದು ಒಂದೇ ಬೇಡಿಕೆ. ಮರುಮೌಲ್ಯಮಾಪನ ಬೇಡ, ಕೃಪಾಂಕ ಬೇಡ, ಕ್ಷಮೆಯೂ ಬೇಡ. ಆ ಕೊಠಡಿಯಲ್ಲಿ ಜೀವವಿರುವ ಒಬ್ಬರನ್ನು ಮಲಗಿಸಿ. ತಮ್ಮ ಕಾವಲುಗಾರನಾದರೂ ಸರಿ, ಮೈಕಿನಲ್ಲಿ ಮಾತಾಡಿದವರಾದರೂ ಸರಿ. ಯಾರಿಗೂ ಬಿಡುವಿಲ್ಲ ಎಂದಾದರೆ ತಾವೇ ಬನ್ನಿ. ಕೈಗಡಿಯಾರ ಬಿಚ್ಚಿಟ್ಟು, ಅಂಗಿಯ ತೋಳು ಮಡಚಿ, ಅಂಗೈ ಮೇಲೆ ಮಾಡಿ ಮಲಗಿ. ಮಾತಾಡಬೇಕಿಲ್ಲ. ನಾನು ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ. ಎಷ್ಟು ಸಿಗುತ್ತದೋ ಅಷ್ಟೇ ಬರೆಯುತ್ತೇನೆ. ಲಯ ತಪ್ಪಿದ್ದರೆ ಅದನ್ನೂ ಬರೆದು, ತಡಮಾಡದೆ ವೈದ್ಯರನ್ನು ಕಾಣಿ ಎಂದು ಹೇಳಿ ಎದ್ದು ಹೋಗುತ್ತೇನೆ.

ಇಂತಿ,
ತಮ್ಮ ದಾಖಲೆಗಳ ಪ್ರಕಾರ
ನಾಡಿ ನೋಡಲು ಬಾರದ ಒಬ್ಬ ಮಾಜಿ ನರ್ಸ್